ಬಾಗಿಲ ಹೊರಗೆ ನಿಂತ ಏಜೆಂಟರು

ಏಜೆಂಟರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕುಮಟೆಯ ಬಸ್ ನಿಲ್ದಾಣದಲ್ಲಿ. ಹೇಳಿದವರು ಹಳೆಯ ಪರಿಚಯದ ಒಬ್ಬ ಜವಳಿ ವ್ಯಾಪಾರಿ.

"ಹೊನ್ನಾವರದಲ್ಲಿ ಒಬ್ಬ ಏಜೆಂಟ ಇದ್ನಲ್ಲ, ಬ್ಯಾಂಕು ಮುಳುಗಿಸಿದವ, ನಿನ್ನೆ ಹೋದ್ನಂತೆ" ಎಂದರು.

"ಮುಳುಗಿಸಿದ್ದು ಅವರಲ್ಲ" ಎಂದೆ.

"ಯಾರೋ ಒಬ್ಬ. ಬಾಗಿಲಲ್ಲಿ ನಿಂತಿದ್ದವ ಅವನೇ ಅಲ್ಲವಾ?" ಎಂದು ಅವರು ಗಂಟು ಎತ್ತಿಕೊಂಡು ಕಾರವಾರದ ಬಸ್ಸು ಹತ್ತಿದರು.

ಬಾಗಿಲಲ್ಲಿ ನಿಂತಿದ್ದು ಅವರೇ ಹೌದು. ಹಾಗೆ ನಿಂತಿದ್ದಕ್ಕೇ ಅವರಿಗೆ ಆ ಹೆಸರು ಅಂಟಿಕೊಂಡಿತು. ನಿಲ್ಲದೆ ಹಿತ್ತಿಲ ಬಾಗಿಲಿನಿಂದ ಮನೆಗೆ ಹೋದವರು ಯಾರೂ ಇವತ್ತು ಜನರ ನೆನಪಿನಲ್ಲಿಲ್ಲ.

ಆ ಕಾಲದಲ್ಲಿ ಬ್ಯಾಂಕಿನ ಶಾಖೆ ನೋಡಿಕೊಳ್ಳುವವರಿಗೆ ಏಜೆಂಟರು ಎನ್ನುತ್ತಿದ್ದರು. ನಮ್ಮದು ಸಣ್ಣ ಬ್ಯಾಂಕು. ಕುಮಟೆಯಲ್ಲಿ ಮುಖ್ಯ ಕಚೇರಿ, ಕರಾವಳಿಯಲ್ಲಿ ಭಟ್ಕಳದವರೆಗೆ ಬೆರಳೆಣಿಕೆಯ ಶಾಖೆಗಳು. ನಾನು ಹೊನ್ನಾವರದ ಶಾಖೆಗೆ ಗುಮಾಸ್ತನಾಗಿ ಸೇರಿದಾಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ಏಜೆಂಟರ ಉಡುಪಿನಲ್ಲಿ ಮಾತ್ರ ಮುಂಬಯಿ ಕಾಲ ಇನ್ನೂ ಮುಗಿದಿರಲಿಲ್ಲ. ಕಚ್ಚೆಪಂಚೆ, ಮುಚ್ಚುಕಾಲರಿನ ಕೋಟು, ಕರಿ ಟೋಪಿ. ಎತ್ತರದ ಆಳು. ನಮ್ಮ ಕಟ್ಟಡದ ಬಾಗಿಲು ಗಿಡ್ಡ. ದಿನವೂ ತಲೆ ತಗ್ಗಿಸಿಯೇ ಒಳಗೆ ಬರಬೇಕಾದ್ದರಿಂದ ಅವರ ಬೆನ್ನು ಹಾಗೇ ಬಾಗಿ ನಿಂತಿದೆ ಎಂದು ನಾವು ಗುಮಾಸ್ತರು ನಗೆಯಾಡುತ್ತಿದ್ದೆವು. ಯೋಚನೆಗೆ ಬಿದ್ದರೆ ಎಡಗಿವಿಯ ಹಾಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜುತ್ತಿದ್ದರು. ಕಿವಿ ಕೆಂಪಾದರೆ ಸಾಲದ ಅರ್ಜಿಗೆ ಕಷ್ಟವಿದೆ ಎಂದು ಅರ್ಥ.

ಸೇರಿದ ವಾರದಲ್ಲೇ ಅವರಿಂದ ಬೈಸಿಕೊಂಡೆ. ಸಾಲ ಕೇಳಲು ಬಂದ ಒಬ್ಬ ಗೇಣಿದಾರ ಗೋಡೆಗೆ ಒರಗಿ ನಿಂತೇ ಇದ್ದ. ಅವನು ಹೋದ ಮೇಲೆ ನನ್ನನ್ನು ಕರೆದರು.

"ತಮಾ, ದುಡ್ಡು ಕೇಳೂಕೆ ಬಂದವನಿಗೆ ಮೊದಲು ಕುರ್ಚಿ ಕೊಡು. ಇಡೂಕೆ ಬಂದವನಿಗೆ ನೀ ಹೇಗೂ ಎದ್ದು ನಿಲ್ತೆ, ಅದನ್ನ ನಾನು ಕಲಿಸಬೇಕಾಗಿಲ್ಲ."

ಜನ ಬ್ಯಾಂಕಿಗೆ ಬರಲು ಹೆದರುತ್ತಾರೆ, ಆದ್ದರಿಂದ ಬ್ಯಾಂಕೇ ಜನರ ಬಳಿಗೆ ಹೋಗಬೇಕು ಎಂಬುದು ಅವರ ನಂಬಿಕೆ. ವಾರದ ರಜೆಯ ದಿನ ದೋಣಿ ಹತ್ತಿ ಹೊಳೆಯ ನಡುವಿನ ಮಾವಿನಕುರ್ವೆಗೆ ಹೋಗಿ ಮೀನುಗಾರರ ಅಂಗಳದಲ್ಲಿ ಕುಳಿತುಕೊಳ್ಳುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿ ಮೀನು ಮಾರುವ ಒಬ್ಬ ಹೆಂಗಸಿದ್ದಳು. ಬಾಯಿ ಜೋರು, ಲೆಕ್ಕ ಚೊಕ್ಕ. ತನ್ನ ಗಳಿಕೆಯನ್ನೆಲ್ಲ ಅಕ್ಕಿ ಮಡಕೆಯೊಳಗೆ ಇಡುತ್ತಿದ್ದಳು.

"ನಿಮ್ಮ ಬ್ಯಾಂಕಲ್ಲಿ ಕಾವಲು ಯಾರು ಒಡೆಯಾ?" ಎಂದು ಕೇಳಿದಳು.

"ನಾನೇ" ಎಂದರು ಏಜೆಂಟರು.

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಾಳಿ ಬಂದ್ರೆ ಹಾರಿ ಹೋಗ್ತ್ರಿ" ಎಂದಳು. ಆದರೂ ಮುಂದಿನ ಸಂತೆಯ ದಿನ ಬಂದು ಇಟ್ಟಳು. ಆಮೇಲೆ ಒಂದು ದಿನ ತನ್ನ ನೋಟುಗಳನ್ನೇ ನೋಡಬೇಕು ಎಂದು ಹಟ ಹಿಡಿದಳು. ನಾವು ನಕ್ಕೆವು, ಏಜೆಂಟರು ನಗಲಿಲ್ಲ.

"ನಿನ್ನ ಗಂಡನ ದೋಣಿ ದಿನಾ ಮನೆ ಎದುರೇ ಕಟ್ಟಿ ಇಟ್ರೆ ಮೀನು ಬರ್ತದ್ಯಾ?"

"ಬರೂದಿಲ್ಲ."

"ದುಡ್ಡೂ ಹಾಗೇ. ಹೋಗ್ತದೆ, ಬರ್ತದೆ. ತಿರುಗಿ ಬರೂ ಹಾಗೆ ನೋಡ್ಕಂಬುದು ನಮ್ಮ ಕೆಲಸ."

ಅವಳಿಗೆ ಸಮಾಧಾನವಾಯಿತು. ನನಗೆ ಬ್ಯಾಂಕೆಂದರೆ ಏನೆಂದು ತಿಳಿದದ್ದೂ ಅಂದೇ.

ಭಟ್ಕಳದ ಸಾಹೇಬರು ನಮ್ಮ ಕತೆಯೊಳಗೆ ಬಂದದ್ದು ಅದರ ಮುಂದಿನ ವರ್ಷ. ಅವರ ಮನೆತನದ್ದು ತಂದೆಯ ಕಾಲದಿಂದ ಕೊಲಂಬೊದಲ್ಲಿ ಬಟ್ಟೆ ಅಂಗಡಿ. ಅಲ್ಲಿನ ಸರ್ಕಾರ ಹೊರಗಿನಿಂದ ಬಂದ ವ್ಯಾಪಾರಿಗಳ ಪರವಾನಗಿಯನ್ನೂ ಹಣ ಸಾಗಿಸುವುದನ್ನೂ ಬಿಗಿ ಮಾಡುತ್ತ ಬಂದಾಗ ಅವರು ಅಂಗಡಿ ಮಾರಿ, ಕಾನೂನಿನ ಪ್ರಕಾರ ಎಷ್ಟು ತರಬಹುದೋ ಅಷ್ಟನ್ನು ತಂದು ಊರಿಗೆ ಮರಳಿದ್ದರು. ಬಿಳಿ ಗಡ್ಡ, ನಿಧಾನದ ಮಾತು. ನಮ್ಮ ಏಜೆಂಟರ ಬಗ್ಗೆ ಯಾರಿಂದಲೋ ಕೇಳಿ, ಭಟ್ಕಳದ ಶಾಖೆ ಬಿಟ್ಟು, ಬಸ್ಸು ಹಿಡಿದು ಶರಾವತಿ ದಾಟಿ ಹೊನ್ನಾವರಕ್ಕೇ ಬಂದರು.

"ಬಡ್ಡಿ ನಮಗೆ ಹರಾಮು, ಏಜೆಂಟ್ರೆ. ಬಡ್ಡಿ ಹಾಕದೆ ಇಡ್ತ್ರಾ?"

"ಇಡ್ತೆ. ಆದ್ರೆ ಅದು ಸುಮ್ಮನೆ ಮಲಗಿರ್ತದೆ."

"ಮಲಗಿಸೂಕೆ ಸಮುದ್ರ ದಾಟಿಸಿ ತರಬೇಕಿತ್ತಾ?"

ಇಬ್ಬರೂ ನಕ್ಕರು. ಏಜೆಂಟರು ಕಿವಿ ಉಜ್ಜುತ್ತ ಸ್ವಲ್ಪ ಹೊತ್ತು ಕುಳಿತು, ಬ್ಯಾಂಕು ಹೊಸದಾಗಿ ಷೇರು ಕೊಡುತ್ತಿರುವ ವಿಷಯ ಹೇಳಿದರು. ಲಾಭವಾದರೆ ಪಾಲು, ನಷ್ಟವಾದರೆ ಅದರಲ್ಲೂ ಪಾಲು. ಸಾಹೇಬರು ಕೂಡಲೇ ಒಪ್ಪಲಿಲ್ಲ. ಊರಿಗೆ ಹೋಗಿ ತಮ್ಮ ಹಿರಿಯರನ್ನು ಕೇಳಿದರು. ಕೆಲವರು ಬೇಡವೆಂದರು, ಕೆಲವರು ತೆಪ್ಪಗಿದ್ದರು. ಕೊನೆಗೆ ಬಂದು, "ನಷ್ಟವೂ ನನ್ನದು ಅಂತ ಒಪ್ಪಿದ ಮೇಲೆ ಅದು ವ್ಯಾಪಾರ. ಆತು, ಬರೀರಿ" ಎಂದರು.

ಮುಖ್ಯ ಕಚೇರಿಯಲ್ಲಿ ಅದೊಂದು ಹಬ್ಬವಾಯಿತು. ದಿಲ್ಲಿಯಲ್ಲಿ ಪಂಚವಾರ್ಷಿಕ ಯೋಜನೆಗೆ ಪರದೇಶದ ಬಂಡವಾಳ ತರುವ ಮಾತು ನಡೆಯುತ್ತಿದ್ದ ದಿನಗಳವು. ನಮ್ಮ ಅಧ್ಯಕ್ಷರು ಕುಮಟೆಯಲ್ಲಿ ಸಭೆ ಕರೆದು, ಸಾಹೇಬರಿಗೆ ಹಾರ ಹಾಕಿ, "ಪರದೇಶದ ಬಂಡವಾಳ ನಮ್ಮ ಬ್ಯಾಂಕನ್ನು ಹುಡುಕಿಕೊಂಡು ಬಂದಿದೆ" ಎಂದು ಭಾಷಣ ಮಾಡಿದರು. ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. "ಪರದೇಶ ಎಂತದು, ನಾನು ಭಟ್ಕಳದವ" ಎಂದು ಗೊಣಗಿದರು. ಏಜೆಂಟರು ಮಾತ್ರ ಅಂದು ಬಹಳ ಖುಷಿಯಲ್ಲಿದ್ದರು. ಹಿಂತಿರುಗುವ ಬಸ್ಸಿನಲ್ಲಿ, ಇನ್ನು ದೋಣಿಗೂ ಬಲೆಗೂ ಧೈರ್ಯವಾಗಿ ಸಾಲ ಕೊಡಬಹುದು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಅವರು ಅಷ್ಟು ಮಾತನಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಹಣ ದೋಣಿಗೂ ಹೋಗಲಿಲ್ಲ, ಬಲೆಗೂ ಹೋಗಲಿಲ್ಲ. ಅಧ್ಯಕ್ಷರ ಮಗ ಹಂಚಿನ ಕಾರ್ಖಾನೆ ಇಟ್ಟಿದ್ದರು. ಅದರ ಒಲೆಯೊಳಗೆ ಹೋಯಿತು. ಇದು ನಮಗೆ ತಿಳಿದದ್ದು ಬಹಳ ತಡವಾಗಿ.

ಅಷ್ಟರಲ್ಲಿ ದಕ್ಷಿಣದಲ್ಲಿ ಒಂದು ದೊಡ್ಡ ಬ್ಯಾಂಕು ಬಾಗಿಲು ಹಾಕಿತು. ಜನ ಬೀದಿಗೆ ಬಂದರು. ಸರ್ಕಾರ ಎಚ್ಚೆತ್ತು ಕಾನೂನು ಬದಲಿಸಿತು. ಬಲವಿಲ್ಲದ ಬ್ಯಾಂಕಿನ ವ್ಯವಹಾರವನ್ನು ಕೆಲವು ಕಾಲ ತಡೆಹಿಡಿದು, ಅದನ್ನು ಗಟ್ಟಿಯಾದ ದೊಡ್ಡ ಬ್ಯಾಂಕಿನೊಳಗೆ ಸೇರಿಸುವ ದಾರಿ ತೆರೆಯಿತು. ಸಣ್ಣ ಬ್ಯಾಂಕುಗಳವರೆಲ್ಲ ಈ ಸುಧಾರಣೆಯನ್ನು ಶಪಿಸುತ್ತಿದ್ದಾಗ ನಮ್ಮ ಏಜೆಂಟರೊಬ್ಬರೇ, "ಬರಲಿ. ಬಡವನ ದುಡ್ಡಿಗೆ ದಿಲ್ಲಿಯಲ್ಲಿ ಒಬ್ಬ ಕಾವಲುಗಾರ ಇದ್ರೆ ನಮಗೆಂತ ಬೇಜಾರು?" ಎನ್ನುತ್ತಿದ್ದರು. ನಮ್ಮ ಬ್ಯಾಂಕಿನ ಲೆಕ್ಕ ನೋಡಲು ಮುಂಬಯಿಯಿಂದ ತಪಾಸಣೆಯವರು ಕುಮಟೆಗೆ ಬಂದು ಹೋದರು. ಸ್ವಲ್ಪ ದಿನ ಏನೂ ಆಗಲಿಲ್ಲ.

ಆಮೇಲೊಂದು ಶನಿವಾರ ಮಧ್ಯಾಹ್ನ ಏಜೆಂಟರನ್ನು ಕುಮಟೆಗೆ ಕರೆಸಿದರು. ಸೋಮವಾರದಿಂದ ಬ್ಯಾಂಕಿನ ಹಣ ಪಾವತಿಗೆ ಸರ್ಕಾರದ ತಡೆ ಬೀಳುತ್ತದೆ, ಅಲ್ಲಿಯವರೆಗೆ ಯಾರಿಗೂ ಹೇಳಕೂಡದು ಎಂದು ಅಲ್ಲಿ ತಿಳಿಸಿದರು. ಮಾತು ಹೊರಬಿದ್ದರೆ ತಿಳಿದವರು ಮೊದಲು ಬಂದು ಬಾಚಿಕೊಳ್ಳುತ್ತಾರೆ, ತಿಳಿಯದವರಿಗೆ ಏನೂ ಉಳಿಯುವುದಿಲ್ಲ. ಕಾರಣ ನ್ಯಾಯವಾದದ್ದೇ. ಅಂದೇ ಕುಮಟೆಯಲ್ಲಿ ಅಧ್ಯಕ್ಷರ ಕಡೆಯವರು ಕೆಲವರು ತಮ್ಮದನ್ನು ತೆಗೆದುಕೊಂಡರೆಂದು ಆಮೇಲೆ ಊರೆಲ್ಲ ಆಡಿಕೊಂಡಿತು. ನಮ್ಮ ಏಜೆಂಟರು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಸೋಮವಾರ ನಾನು ಹೋದಾಗ ಬಾಗಿಲಿಗೆ ಬೀಗ, ಬೀಗದ ಮೇಲೆ ಸರ್ಕಾರದ ನೋಟೀಸು. ಅದರ ಪಕ್ಕದಲ್ಲಿ ಏಜೆಂಟರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಒಳಗೆ ಹಿತ್ತಿಲ ಕಡೆಯಿಂದ ಹೋಗು. ನಾನು ಇಲ್ಲೇ ಇರ್ತೆ" ಎಂದರು.

ಜನ ಸೇರತೊಡಗಿದರು. ನೋಟೀಸು ಇಂಗ್ಲಿಷಿನಲ್ಲಿತ್ತು. ಏಜೆಂಟರು ಬಂದವರಿಗೆಲ್ಲ ಅದನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಹೇಳುತ್ತಿದ್ದರು. ಹಣ ಎಲ್ಲೂ ಹೋಗಿಲ್ಲ, ಸದ್ಯಕ್ಕೆ ಸಣ್ಣ ಮೊತ್ತ ಬಿಟ್ಟು ತೆಗೆಯಲಾಗುವುದಿಲ್ಲ, ದೊಡ್ಡ ಬ್ಯಾಂಕು ನಮ್ಮನ್ನು ಸೇರಿಸಿಕೊಂಡ ಮೇಲೆ ಎಲ್ಲ ಸಿಗುತ್ತದೆ. ಹೇಳಿದ್ದನ್ನೇ ಹೇಳಿ ಹೇಳಿ ಅವರ ಗಂಟಲು ಕಟ್ಟಿತು. ಯಾರೋ ಅವರ ಕೋಟು ಹಿಡಿದು ಎಳೆದರು. ಮಾವಿನಕುರ್ವೆಯ ಆ ಹೆಂಗಸು ಬುಟ್ಟಿ ಕೆಳಗಿಟ್ಟು ಎದುರಿಗೆ ಬಂದಳು.

"ಕಾವಲು ನಾನೇ ಅಂದಿದ್ರಿ."

"ಹೌದು. ಅದಕ್ಕೇ ಇಲ್ಲಿ ನಿಂತಿದ್ದೆ."

"ಬಾಗಿಲ ಹೊರಗೆ ನಿಂತು ಎಂತ ಕಾಯ್ತ್ರಿ?"

ಜನರ ಸದ್ದು ಏರುತ್ತಿತ್ತು. ಆ ಹೊತ್ತಿಗೆ ಸಾಹೇಬರು ಬಂದರು. ಭಟ್ಕಳದ ಶಾಖೆಯ ಬಾಗಿಲು ನೋಡಿಯೇ ಹೊರಟಿದ್ದರಂತೆ. ಜನ ಅವರಿಗೆ ದಾರಿ ಬಿಟ್ಟರು. ಕುಮಟೆಯ ಆ ಸಭೆಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಹೆಚ್ಚು ಹೋದದ್ದು ಈ ಮನುಷ್ಯನದ್ದೇ, ಈಗ ಏಜೆಂಟರ ಗತಿ ಮುಗಿಯಿತು ಎಂದುಕೊಂಡರೋ ಏನೋ. ನಾನೂ ಹಾಗೇ ಅಂದುಕೊಂಡು ಕಿಟಕಿಯಿಂದ ನೋಡುತ್ತಿದ್ದೆ.

ಸಾಹೇಬರು ಏಜೆಂಟರನ್ನು ಕೇಳಿದರು: "ಠೇವಣಿ ಇಟ್ಟವರಿಗೆ ಸಿಗ್ತದ್ಯಾ?"

"ಸಿಗ್ತದೆ. ತಡ ಆಗ್ತದೆ."

"ಪಾಲು ಹಾಕಿದವರಿಗೆ?"

ಏಜೆಂಟರು ತಲೆ ಎತ್ತಲಿಲ್ಲ. "ಎಂತದೂ ಉಳೀಲಿಕ್ಕಿಲ್ಲ, ಸಾಹೇಬ್ರೆ."

ಸಾಹೇಬರು ಎದುರಿನ ಚಹಾ ಅಂಗಡಿಯಿಂದ ಎರಡು ಕುರ್ಚಿ ತರಿಸಿ ನೋಟೀಸಿನ ಕೆಳಗೆ ಹಾಕಿಸಿದರು. ಒಂದರಲ್ಲಿ ತಾವು ಕುಳಿತರು. "ಕೂತ್ಕಳಿ, ಏಜೆಂಟ್ರೆ" ಎಂದರು. ಏಜೆಂಟರು ಕೂರಲಿಲ್ಲ. ಸಾಹೇಬರು ಅವರ ಕೈ ಹಿಡಿದು ಎಳೆದು ಕೂರಿಸಿದರು. ಚಹಾ ಬಂತು. ನಷ್ಟವೂ ನನ್ನದೆಂದು ಒಪ್ಪಿದ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸಂಜೆಯವರೆಗೆ ಅಲ್ಲೇ ಕುಳಿತರು, ನಡುವೆ ನಮಾಜಿಗೆಂದು ಎದ್ದು ಹೋಗಿ ಮತ್ತೆ ಬಂದರು. ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡವನು ಚಹಾ ಕುಡಿಯುತ್ತ ಕುಳಿತಿರುವಾಗ ಉಳಿದವರು ಕಲ್ಲೆತ್ತುವುದು ಹೇಗೆ? ಜನ ಬೈಯುತ್ತ ಬೈಯುತ್ತ ಮನೆಗೆ ಹೋದರು.

ಸಾಹೇಬರ ಋಣ ತೀರಿಸಲಾಗದ್ದು ಎಂದು ಏಜೆಂಟರು ಕೊನೆಯವರೆಗೂ ಹೇಳುತ್ತಿದ್ದರು. ಸಾಹೇಬರು ಭಟ್ಕಳದ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ತೆರೆದರು. ಏಜೆಂಟರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಮನೆಮಂದಿಗೆಲ್ಲ ಬಟ್ಟೆ ತರುತ್ತಿದ್ದರು. ಅವರಿಬ್ಬರ ನಡುವೆ ಅಷ್ಟಾದರೂ ಉಳಿಯಿತು. ಉಳಿಯದೆ ಹೋದದ್ದು ತಂಗಿ.

ಏಜೆಂಟರಿಗೆ ಒಬ್ಬಳೇ ತಂಗಿ. ಹೊಳೆಯಾಚೆ ಮಂಕಿಯಲ್ಲಿ ತೆಂಗಿನ ತೋಟದವರ ಮನೆಗೆ ಕೊಟ್ಟಿದ್ದರು. ಅವರು ಮಗಳ ಮದುವೆಗೆಂದು ಕೂಡಿಟ್ಟದ್ದೆಲ್ಲ ನಮ್ಮ ಬ್ಯಾಂಕಿನಲ್ಲೇ ಇತ್ತು. ಚಿನ್ನ ಮಾಡಿಸಿಡುತ್ತೇನೆ ಎಂದ ತಂಗಿಯನ್ನು ಒಪ್ಪಿಸಿ ಬ್ಯಾಂಕಿಗೆ ತಂದವರು ಅಣ್ಣನೇ. ಮದುವೆ ಗೊತ್ತಾಗಿತ್ತು, ಬಾಗಿಲು ಬಿದ್ದ ವಾರವೇ ಹಣ ತೆಗೆಯುವುದಿತ್ತು. ತಡೆ ಬಿದ್ದದ್ದರಿಂದ ಒಡವೆ ಆಗಲಿಲ್ಲ, ಜವಳಿ ಆಗಲಿಲ್ಲ. ಗಂಡಿನ ಕಡೆಯವರು ಮೊದಲು ಮುಂದೆ ಹಾಕೋಣ ಎಂದರು, ಆಮೇಲೆ ಬೇರೆ ಕಡೆ ನೋಡಿದರು. ತಂಗಿ ಅಣ್ಣನ ಮನೆಗೆ ಬರುವುದನ್ನು ನಿಲ್ಲಿಸಿದಳು. ಇವರು ಹೋದರೆ ಭಾವ ಮಾತನಾಡಿಸುತ್ತಿದ್ದರು, ಅವಳು ಒಳಗೇ ಇರುತ್ತಿದ್ದಳು.

ಕೆಲವು ತಿಂಗಳಲ್ಲಿ ನಮ್ಮ ಬ್ಯಾಂಕು ದೊಡ್ಡ ಬ್ಯಾಂಕಿಗೆ ಸೇರಿತು. ಠೇವಣಿದಾರರಿಗೆಲ್ಲ ಪೂರ್ತಿ ಹಣ ಸಿಕ್ಕಿತು. ಏಜೆಂಟರು ಅಂದು ಬಾಗಿಲಲ್ಲಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ. ಆದರೆ ಅವರಿಗೆ ಕುರ್ಚಿ ಉಳಿಯಲಿಲ್ಲ. ಹೊಸ ಬ್ಯಾಂಕಿನವರು ಬೇರೆ ಊರಿನಿಂದ ಏಜೆಂಟರನ್ನು ತಂದರು, ಇವರನ್ನು ಕೌಂಟರಿನ ಹಿಂದೆ ಕೂರಿಸಿದರು. ಹಣ ತೆಗೆಯಲು ಬಂದವರು ಇವರ ಮುಖ ನೋಡದೆ ಪಕ್ಕದ ಕೌಂಟರಿಗೆ ಹೋಗುತ್ತಿದ್ದರು. ಮಾವಿನಕುರ್ವೆಯ ಹೆಂಗಸು ಬಂದು ತನ್ನದನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಹೋದಳು, ಮತ್ತೆ ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲ. ಏಜೆಂಟರು ಅವಳ ಹಿಂದೆ ಬಾಗಿಲವರೆಗೆ ಹೋಗಿ ವಾಪಸು ಬಂದರು. ಸ್ವಲ್ಪ ಸಮಯದಲ್ಲೇ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು.

ಅವರ ಮನೆಯವರು ಕೇಳಿಕೊಂಡದ್ದರಿಂದ ನಾನೊಮ್ಮೆ ಮಂಕಿಗೆ ಹೋಗಿ ತಂಗಿಯೊಡನೆ ಮಾತನಾಡಿದೆ. ಹುಡುಗಿಗೆ ಅಷ್ಟರಲ್ಲಿ ಸಿರಸಿ ಕಡೆ ಒಳ್ಳೆಯ ಮನೆ ಸಿಕ್ಕಿತ್ತು. ಹಣವೂ ಬಂದಿತ್ತು. ಇನ್ನೇಕೆ ಸಿಟ್ಟು ಎಂದು ಕೇಳಿದೆ. ಆಕೆ ಜಗಲಿಯ ಕಂಬಕ್ಕೆ ಒರಗಿ ಕುಳಿತು ಹೇಳಿದಳು:

"ದುಡ್ಡಿನ ಸಿಟ್ಟು ಅಲ್ಲ ತಮಾ. ಬಾಗಿಲು ಹಾಕಿದ ಹಿಂದಿನ ದಿನ ಅಣ್ಣ ಇಲ್ಲಿಗೆ ಬಂದಿದ್ದ. ಮಾಡಿದ್ದೆಲ್ಲ ಬಡಿಸಿದೆ. ಬುಧವಾರ ಬತ್ತೆ, ದುಡ್ಡು ತಯಾರು ಇಟ್ಟಿರು ಹೇಳಿದೆ. ಹೂಂ ಅಂದ. ಎಲೆ ಮುಂದೆ ಕೂತು, ನನ್ನ ಮೋರೆ ನೋಡಿ, ಹೂಂ ಅಂದ. ಆ ಹೂಂ ನುಂಗೂಕೆ ಆಗ್ತಾ ಇಲ್ಲೆ."

ನಾನು ಬ್ಯಾಂಕಿನ ನಿಯಮ, ಸರ್ಕಾರದ ಆಜ್ಞೆ ಎಲ್ಲ ವಿವರಿಸಿದೆ. ಆಕೆ ಕೇಳಿಸಿಕೊಂಡಳು. "ಅದೆಲ್ಲ ಹೌದು" ಎಂದು ಮಜ್ಜಿಗೆ ತರಲು ಒಳಗೆ ಹೋದಳು. ಆ ಭಾನುವಾರ ಹೋಗದೇ ಇರಬಹುದಿತ್ತು ಅವರು. ಏಕೆ ಹೋದರೆಂದು ನಾನು ಎಂದೂ ಕೇಳಲಿಲ್ಲ. ಹೇಳಲೆಂದೇ ಹೊರಟು, ಹೇಳಲಾರದೆ ಉಂಡು ಬಂದರು ಎಂದು ನನ್ನ ಊಹೆ.

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದ ನಡುವೆ ದಿಲ್ಲಿಯಿಂದ ದೊಡ್ಡ ಬ್ಯಾಂಕುಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ ಸುದ್ದಿ ಬಂದಾಗ ನಾನು ಪತ್ರಿಕೆ ಹಿಡಿದುಕೊಂಡು ಏಜೆಂಟರ ಮನೆಗೆ ಓಡಿದೆ. ನಮ್ಮನ್ನು ಸೇರಿಸಿಕೊಂಡ ಬ್ಯಾಂಕೂ ಅದರಲ್ಲಿತ್ತು. ಇನ್ನು ಮೀನುಗಾರರಿಗೆ, ರೈತರಿಗೆ, ಸಣ್ಣ ಅಂಗಡಿಯವರಿಗೆ ಬ್ಯಾಂಕೇ ಮನೆ ಬಾಗಿಲಿಗೆ ಹೋಗುತ್ತದೆ ಎಂದು ಬರೆದಿದ್ದರು. ಅವರು ಕಾಯಿಲೆ ಬಿದ್ದು ಇಳಿದುಹೋಗಿದ್ದರು. ಪೂರ್ತಿ ಓದಿಸಿಕೊಂಡರು.

"ಒಳ್ಳೇದಾತು. ಮಾವಿನಕುರ್ವೆಗೆ ಹೋಗೂಕೆ ಯಾರನ್ನಾದ್ರೂ ಕಳಿಸ್ತ್ರಾ ನೋಡು. ನನ್ನ ಹೆಸರು ಹೇಳೂದು ಬೇಡ" ಎಂದರು.

ಆಮೇಲೆ ಬಹಳ ಹೊತ್ತು ಕಿವಿಯ ಹಾಲೆ ಹಿಡಿದುಕೊಂಡು ಕುಳಿತಿದ್ದರು. ಇದ್ದಕ್ಕಿದ್ದಂತೆ ಕೇಳಿದರು:

"ನಾನು ಆವತ್ತು ತಂಗಿಗೆ ಹೇಳಿದ್ರೆ ಸರಿ ಆಗ್ತಿತ್ತಾ?"

"ಇಲ್ಲ. ಹೇಳಿದ್ರೆ ತಪ್ಪಾಗ್ತಿತ್ತು."

"ಅದೇ ಅಲ್ಲವಾ ಕಷ್ಟ. ತಪ್ಪು ಮಾಡಿದ್ರೆ ಹೋಗಿ ಕಾಲು ಹಿಡಿದು ಕ್ಷಮಿಸು ಅನ್ನಬಹುದಿತ್ತು. ಸರಿ ಮಾಡಿದ್ದಕ್ಕೆ ಕ್ಷಮೆ ಹೇಗೆ ಕೇಳೂದು, ಮಾರಾಯ?"

ಅದಾಗಿ ಒಂದು ಮಳೆಗಾಲವೂ ಪೂರ್ತಿ ಕಳೆಯಲಿಲ್ಲ, ಕುಮಟೆಯ ಬಸ್ ನಿಲ್ದಾಣದಲ್ಲಿ ಆ ಸುದ್ದಿ ಕೇಳಿದೆ.

ಅಲ್ಲಿಂದ ನೇರ ಹೊನ್ನಾವರಕ್ಕೆ ಹೋದೆ. ದಹನವೆಲ್ಲ ಮುಗಿದಿತ್ತು. ಮನೆಯ ಅಂಗಳದಲ್ಲಿ ಸಾಹೇಬರು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಒಳಜಗಲಿಯಲ್ಲಿ ಹೆಂಗಸರ ನಡುವೆ ತಂಗಿ ಇದ್ದಳು. ಇಷ್ಟು ವರ್ಷಗಳಲ್ಲಿ ಹೊಳೆ ದಾಟಿ ಆ ಮನೆಗೆ ಬಂದದ್ದು ಅದೇ ಮೊದಲು. ಸುದ್ದಿ ಮುಟ್ಟಿ, ದೋಣಿ ಸಿಕ್ಕಿ ಅವಳು ಬರುವಷ್ಟರಲ್ಲಿ ಹೆಣ ಎತ್ತಿಯಾಗಿತ್ತಂತೆ. ನಾನು ಹೊರಡಲು ಎದ್ದಾಗ ಬಾಗಿಲವರೆಗೆ ಬಂದಳು.

"ನೀ ಅಣ್ಣನ ಹತ್ರ ಬಂದು ಹೋಗಿ ಮಾಡ್ತಿದ್ದೆ. ನನ್ನ ವಿಷಯ ಎಂತಾದ್ರೂ ಹೇಳಿದ್ನಾ?"

ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಸರಿ ಮಾಡಿದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಅವರಿಗೆ ತಿಳಿಯದೆ ಹೋಯಿತು ಎಂದು, ಅವರು ಹೇಳಿದ ಮಾತಿನಲ್ಲೇ ಹೇಳಿದೆ.

ಆಕೆ ಅಳಲಿಲ್ಲ. ಅಣ್ಣ ತಲೆ ತಗ್ಗಿಸಿ ನಡೆದುಹೋಗುತ್ತಿದ್ದ ಬೀದಿಯ ಕಡೆ ನೋಡುತ್ತ ನಿಂತಿದ್ದಳು.

"ಒಂದು ಸಲ ಒಳಗೆ ಬಂದು ಕೇಳಿದ್ರೆ ಸಾಕಿತ್ತು" ಎಂದಳು. "ಸರಿಯಾ ತಪ್ಪಾ ಅಂತ ನಾನೆಲ್ಲಿ ನೋಡ್ತಿದ್ದೆ?"